ದೇವರ ವರಹದಿಂದ ದೊರೆಯ ರೂಪಾಯಿಗೆ

ದೇಶದಲ್ಲಿ ಒಡೆತನವು ಯಾರದೆಂಬುದನ್ನು ತಿಳಿಯಲು ದಫ್ತರಗಳನ್ನು ತಿರುವಬೇಕಾದುದಿಲ್ಲ. ಪೇಟೆಯಲ್ಲಿ ಕೈಯಿಂದ ಕೈಗೆ ಸಾಗುವ ನಾಣ್ಯವನ್ನು ತಿರುಗಿಸಿ ನೋಡಿದರೆ ಸಾಕು. ಈಸ್ಟ್ ಇಂಡಿಯಾ ಕಂಪೆನಿಯವರು ಇಲ್ಲಿ ಅಚ್ಚೊತ್ತಿಸಿದ ನಾಣ್ಯಗಳೇ ಇದಕ್ಕೆ ಸಾಕ್ಷಿ.

ಹದಿನೇಳನೆಯ ಶತಮಾನದಲ್ಲಿ ಈ ವರ್ತಕರು ಮದರಾಸಿನ ಕೋಟೆಯಲ್ಲಿ ಟಂಕಸಾಲೆಯನ್ನು ನಡೆಸತೊಡಗಿದಾಗ, ತಮ್ಮ ದೊರೆಯ ಮುಖವನ್ನು ಮುದ್ರಿಸಿ ವ್ಯಾಪಾರ ಸಾಗಿಸುವಂತಿರಲಿಲ್ಲ. ನೇಕಾರನೂ ಚಿನಿವಾರನೂ ನಂಬುತ್ತಿದ್ದುದು ವಿಜಯನಗರದ ಅರಸರ ಕಾಲದಿಂದ ಬಂದ ವರಹವನ್ನು. ಆದುದರಿಂದ ಕಂಪೆನಿಯೂ ವಿಷ್ಣುಮೂರ್ತಿಯುಳ್ಳ ವರಹವನ್ನೇ ಹೊರಡಿಸಿತು. 80 ಕಾಸಿಗೆ ಒಂದು ಹಣ, 42 ಹಣಕ್ಕೆ ಒಂದು ವರಹವೆಂಬುದು ಅದರ ಲೆಕ್ಕ. 1808ರ ಸುಮಾರಿಗೆ ಹೊರಟ ಬೆಳ್ಳಿಯ ಅರ್ಧವರಹದಲ್ಲಿ ಒಂದು ಕಡೆ ದೇವಾಲಯದ ಗೋಪುರ, ಇನ್ನೊಂದು ಕಡೆ ವಿಷ್ಣು. ಅಕ್ಷರಗಳೋ ಇಂಗ್ಲಿಷು, ಪಾರಸೀ, ತಮಿಳು, ತೆಲುಗು!

ಬಂಗಾಳದ ಕಥೆ ಇನ್ನೂ ವಿಚಿತ್ರವಾದುದು. 1765ರಲ್ಲಿ ದಿವಾನಿಯನ್ನು ಪಡೆದ ಮೇಲೂ ಕಂಪೆನಿಯು ಷಾ ಆಲಂ ಪಾದಶಹನ ಹೆಸರಿನಲ್ಲಿಯೇ ರೂಪಾಯಿಯನ್ನು ಹೊಡೆಯಿಸಿತು. ಹಿಂದಿನ ವರ್ಷದ ರೂಪಾಯಿಗೆ ಶರಾಫರು ವಟ್ಟ ಹಿಡಿಯುತ್ತಿದ್ದುದರಿಂದ, ಅದನ್ನು ತಪ್ಪಿಸಲು ಪಾದಶಹನ ಆಳ್ವಿಕೆಯ 19ನೆಯ ವರ್ಷವನ್ನೇ ಎಲ್ಲ ನಾಣ್ಯಗಳ ಮೇಲೂ ಸ್ಥಿರಗೊಳಿಸಿದರು. ಪಾದಶಹನು 1806ರಲ್ಲಿ ತೀರಿಕೊಂಡರೂ ಅವನ ಹೆಸರು 1835ರವರೆಗೆ ನಡೆಯಿತು. ಸತ್ತ ಪಾದಶಹನ ಹೆಸರಿಗಿದ್ದ ಮಾನ್ಯತೆಯು ಬದುಕಿದ್ದ ಕಂಪೆನಿಯ ಹೆಸರಿಗಿರಲಿಲ್ಲವೆಂದಲ್ಲವೆ ಇದರ ಅರ್ಥ?

ಆದರೆ ಅಧಿಕಾರವು ಬೇರೂರಿದಂತೆ ವಿನಯವು ಕಡಮೆಯಾಯಿತು. 1818ರಲ್ಲಿ ಮದರಾಸಿನ ಲೆಕ್ಕವು ವರಹದಿಂದ ರೂಪಾಯಿಗೆ ತಿರುಗಿತು. 100 ವರಹಕ್ಕೆ 350 ರೂಪಾಯಿಯೆಂದು ನಿಗದಿಯಾಯಿತು. 1835ರ ಕಾಯಿದೆಯು ಕಂಪೆನಿಯ ಪ್ರಾಂತಗಳಿಗೆಲ್ಲ 180 ಗ್ರೈನ್ ತೂಕದ ಒಂದೇ ರೂಪಾಯಿಯನ್ನು ವಿಧಿಸಿತು. ಅದರ ಮೇಲೆ ವಿಷ್ಣುವೂ ಇಲ್ಲ, ಪಾದಶಹನೂ ಇಲ್ಲ. ನಾಲ್ಕನೆಯ ವಿಲಿಯಂ ದೊರೆಯ ತಲೆ ಮೂಡಿತ್ತು.

ಪ್ರಾಂತಕ್ಕೊಂದು ನಾಣ್ಯವಿದ್ದಾಗಿನ ತೊಡಕು ಇದರಿಂದ ಕಡಮೆಯಾಯಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹಿಂದೆ ವರ್ತಕನು ಪೇಟೆಯ ಒಪ್ಪಿಗೆಯನ್ನು ಬೇಡುತ್ತಿದ್ದನು. ಈಗ ಪೇಟೆಯು ಆಳುವವನ ಅಪ್ಪಣೆಗೆ ಕಾಯಬೇಕಾಯಿತು. 1893ರಲ್ಲಿ, ಜನರು ತಂದ ಬೆಳ್ಳಿಯನ್ನು ಟಂಕಿಸಿಕೊಡುವ ಪದ್ಧತಿಯನ್ನೇ ಸರಕಾರವು ನಿಲ್ಲಿಸಿದಾಗ ರೈತನ ಸಮ್ಮತಿಯನ್ನು ಕೇಳಿದವರಾರು?

1950ನೆಯ ಆಗಸ್ಟ್ 15ರಂದು ಹೊರಟ ನಾಣ್ಯಗಳಲ್ಲಿ ದೊರೆಯ ತಲೆಯಿದ್ದ ಸ್ಥಳಕ್ಕೆ ಅಶೋಕನ ಸಿಂಹಗಳು ಬಂದವು. ಮುದ್ರೆಯು ನಮ್ಮದಾಯಿತು, ಸಂತೋಷವೇ. ಆದರೆ ಆ ಹಳೆಯ ವರಹವು ಹೇಳುವ ಮಾತನ್ನು ಆಳುವವರು ಮರೆಯಬಾರದು: ಮುದ್ರೆಯನ್ನು ಒತ್ತುವುದು ಟಂಕಸಾಲೆ, ಬೆಲೆಯನ್ನು ಕೊಡುವುದು ಜನರ ನಂಬಿಕೆ.