ಇಂಜಿನಿಯರಾಗಬೇಕೆನ್ನುವ ನಮ್ಮ ಮಕ್ಕಳು

ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳ ಫಲಿತಾಂಶಗಳು ಹೊರಬೀಳುವ ದಿನಗಳಲ್ಲಿ ಮುಂಬಯಿಯ ಯಾವ ಕನ್ನಡ ಸಂಘದ ಕಚೇರಿಗೆ ಹೋದರೂ ಒಂದೇ ಮಾತು ಕಿವಿಗೆ ಬೀಳುತ್ತದೆ: "ಹುಡುಗನನ್ನು ಇಂಜಿನಿಯರಿಂಗಿಗೆ ಸೇರಿಸಬೇಕೆಂದಿದ್ದೇವೆ, ಯಾವ ಕಾಲೇಜು ಒಳ್ಳೆಯದು, ಸ್ವಾಮಿ?" ಕೇಳುವವರು ಹೋಟೆಲಿನ ಗಲ್ಲೆಯ ಮೇಲೆ ಕೂಡುವವರು, ಅಡುಗೆಭಟ್ಟರು, ಖಾಸಗಿ ಕಚೇರಿಯ ಗುಮಾಸ್ತರು. ತಾವು ಓದಲಾರದೆ ಉಳಿದುದನ್ನು ಮಕ್ಕಳಾದರೂ ಓದಲಿ ಎಂಬ ಆಸೆ ಆ ಪ್ರಶ್ನೆಯ ಹಿಂದೆ ಇರುವುದು ಸ್ವಾಭಾವಿಕವೇ ಸರಿ. ಆದರೆ ಜೊತೆಯಲ್ಲಿ ನಿಂತ ಹುಡುಗನನ್ನು "ನೀನು ಏನಾಗಬೇಕೆಂದಿದ್ದೀಯಪ್ಪ?" ಎಂದು ಕೇಳಿದರೆ, ಹತ್ತರಲ್ಲಿ ಎಂಟು ಮಂದಿ "ಕಂಪ್ಯೂಟರ್" ಎಂಬ ಒಂದೇ ಶಬ್ದದಲ್ಲಿ ಉತ್ತರವನ್ನು ಮುಗಿಸಿಬಿಡುತ್ತಾರೆ. ಸೇತುವೆ ಕಟ್ಟಬೇಕು, ಯಂತ್ರ ಮಾಡಬೇಕು, ವಿದ್ಯುತ್ತನ್ನು ಹಳ್ಳಿಗೆ ಒಯ್ಯಬೇಕು ಎನ್ನುವ ಹುಡುಗ ಸಿಕ್ಕುವುದು ಈಗ ಅಪರೂಪ.

ನಮ್ಮ ಸಂಘಗಳ ಸಭಾಗೃಹಗಳಲ್ಲಿ ವಿಶ್ವೇಶ್ವರಯ್ಯನವರ ಭಾವಚಿತ್ರ ತೂಗದ ಗೋಡೆಯಿಲ್ಲ. ಸೆಪ್ಟೆಂಬರ್ 15ರಂದು ಅದಕ್ಕೆ ಹಾರವನ್ನೂ ಹಾಕುತ್ತೇವೆ. ಆ ಪೇಟದ ಹಿಂದಿನ ವೃತ್ತಿಜೀವನವನ್ನು ಮಾತ್ರ ಮಕ್ಕಳಿಗೆ ವಿವರವಾಗಿ ಹೇಳುವುದಿಲ್ಲ. ತಂದೆಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡ ಆ ಹುಡುಗ ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಹೊಟ್ಟೆ ಹೊರೆಯುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಬಿ.ಎ. ಮುಗಿಸಿದನು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತುದರಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಬಂದನು. 1854ರಲ್ಲಿ ಸ್ಥಾಪಿತವಾಗಿದ್ದ ಆ ಸಂಸ್ಥೆಯೇ ಮುಂದೆ ಪುಣೆಯ ಇಂಜಿನಿಯರಿಂಗ್ ಕಾಲೇಜೆಂದು ಹೆಸರಾಗಿ, 2022ರಲ್ಲಿ ವಿಶ್ವವಿದ್ಯಾಲಯದ ಪದವಿಯನ್ನು ಪಡೆಯಿತು. 1883ರ ಅಂತಿಮ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದ ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರಾಗಿ ಸೇರಿ, ನಾಸಿಕದ ಕಡೆ ಕೆಲಸ ಆರಂಭಿಸಿದರು. ಅವರಿಗೆ ಕೀರ್ತಿ ತಂದ ಖಡಕವಾಸಲಾದ ಸ್ವಯಂಚಾಲಿತ ಬಾಗಿಲುಗಳು ಬಂದುದು 1903ರಲ್ಲಿ, ಎಂದರೆ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷಗಳ ಮೇಲೆ. 1908ರ ಮೂಸಿ ನದಿಯ ಪ್ರವಾಹದಿಂದ ಹೈದರಾಬಾದು ನೊಂದಾಗ ಅಲ್ಲಿಯ ಸರ್ಕಾರ ಅವರನ್ನು ಕರೆಸಿಕೊಂಡಿತು. ಹೊರನಾಡಿನಲ್ಲಿ ದುಡಿದು ಹೆಸರಾದ ಕನ್ನಡಿಗರಲ್ಲಿ ಅವರೇ ಅಗ್ರಗಣ್ಯರು ಎಂದರೂ ತಪ್ಪಾಗದು. ನಮ್ಮ ಹುಡುಗರು ಲೆಕ್ಕ ಹಾಕುವುದಾದರೋ ಮೊದಲ ತಿಂಗಳ ಸಂಬಳದಿಂದ.

ಕಂಪ್ಯೂಟರಿನ ಮೋಹಕ್ಕೆ ಕಾರಣವಿಲ್ಲವೆಂದಲ್ಲ. ಕಳೆದ ಮೂವತ್ತು ವರ್ಷಗಳಲ್ಲಿ ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಎಷ್ಟೋ ಬಡ ಮನೆಗಳು ಒಂದೇ ತಲೆಮಾರಿನಲ್ಲಿ ಮೇಲೇರಿದುದು ಈ ಉದ್ಯಮದಿಂದಲೇ. ಚಾಳಿನ ಎದುರು ಮನೆಯ ಹುಡುಗ ವಿಮಾನ ಹತ್ತಿದುದನ್ನು ಕಂಡವರು ತಮ್ಮ ಮಗನನ್ನೂ ಹತ್ತಿಸಬೇಕೆಂದು ಬಯಸಿದರೆ ತಪ್ಪೇನು? ಆದರೆ ಆ ಬಾಗಿಲು ಸದಾ ಒಂದೇ ಅಗಲಕ್ಕೆ ತೆರೆದಿರುವುದಿಲ್ಲ. 2023-24ನೆಯ ಆರ್ಥಿಕ ವರ್ಷದಲ್ಲಿ ಟಿ.ಸಿ.ಎಸ್., ಇನ್ಫೋಸಿಸ್, ವಿಪ್ರೋ ಈ ಮೂರೇ ಸಂಸ್ಥೆಗಳ ನೌಕರರ ಸಂಖ್ಯೆ ಒಟ್ಟು ಸುಮಾರು 64 ಸಾವಿರದಷ್ಟು ಇಳಿಯಿತು. ಇಂಥ ದೊಡ್ಡ ಸಂಸ್ಥೆಗಳು ಸಾಮಾನ್ಯ ಪದವೀಧರನಿಗೆ ಆರಂಭದಲ್ಲಿ ಕೊಡುವ ಸಂಬಳವೂ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲಿಯೇ ಬಹುಕಾಲ ನಿಂತುಬಿಟ್ಟಿದೆ. ಇದೇ ವೇಳೆಗೆ, ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಒಂದೊಂದು ಶಾಖೆಗೆ ಇದ್ದ ಸೀಟುಗಳ ಮಿತಿಯನ್ನು 2024-25ರಿಂದ ತೆಗೆದುಹಾಕಿತು. ಅನೇಕ ಕಾಲೇಜುಗಳು ಕಂಪ್ಯೂಟರ್ ಶಾಖೆಯ ಸೀಟುಗಳನ್ನು ಏರಿಸಿಕೊಂಡವು. ಕಲಿಸುವ ಉಪಾಧ್ಯಾಯರು ಅದೇ ವೇಗದಲ್ಲಿ ಹೆಚ್ಚುವರೇ ಎಂಬುದನ್ನು ತಂದೆತಾಯಿಗಳು ತಾವೇ ಯೋಚಿಸಲಿ.

ಕಾಲೇಜಿನ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವುದು ಒಬ್ಬ ಹುಡುಗನಿಗೆ ಸಿಕ್ಕಿದ ಅತಿ ಹೆಚ್ಚಿನ ಸಂಬಳ. ನೀವು ಕೇಳಬೇಕಾದುದು ನಡುವಿನ ಹುಡುಗನಿಗೆ ಸಿಕ್ಕಿದ ಸಂಬಳವನ್ನು. ಕೇಂದ್ರ ಸರ್ಕಾರದ ರಾಷ್ಟ್ರೀಯ ಶ್ರೇಯಾಂಕ ಪಟ್ಟಿಗೆ ಕಾಲೇಜುಗಳು ಕೊಡುವ ವಿವರಗಳಲ್ಲಿ ಎಷ್ಟು ಮಂದಿ ಉತ್ತೀರ್ಣರಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರ ನಡುಮಟ್ಟದ ಸಂಬಳವೆಷ್ಟು ಎಂಬುದೆಲ್ಲ ಇರುತ್ತದೆ. ಯಾರು ಬೇಕಾದರೂ ನೋಡಬಹುದು. ಪ್ರಯೋಗಶಾಲೆಯನ್ನು ಕಣ್ಣಾರೆ ನೋಡದೆ ಡೊನೇಷನ್ ಕಟ್ಟಬೇಡಿ ಎಂದು ಹೇಳಿದರೆ ಕೆಲವರಿಗೆ ಕಹಿಯಾದೀತು. ಆದರೆ ಊರಿನ ಗದ್ದೆಯನ್ನು ಅಡವಿಟ್ಟು ತಂದ ಹಣವಾದುದರಿಂದ ಹೇಳಲೇಬೇಕಾಗಿದೆ.

ಡಿಪ್ಲೊಮಾದ ದಾರಿ

ನಮ್ಮವರು ಡಿಪ್ಲೊಮಾ ಎಂದೊಡನೆ ಮೂಗು ಮುರಿಯುತ್ತಾರೆ. ಹನ್ನೆರಡನೆಯ ತರಗತಿಯಲ್ಲಿ ಅಂಕ ಬಾರದವನು ಹಿಡಿಯುವ ದಾರಿ ಅದು ಎಂಬ ಭಾವನೆ ಬೇರೂರಿದೆ. ವಾಸ್ತವದಲ್ಲಿ, ಬೇಗ ದುಡಿಯಬೇಕಾದ ಮನೆಯ ಹುಡುಗನಿಗೆ ಅದಕ್ಕಿಂತ ಹೊಂದುವ ದಾರಿ ಬೇರೊಂದಿಲ್ಲವೆಂದೇ ನಮ್ಮ ಅಭಿಪ್ರಾಯ. ಹತ್ತನೆಯ ತರಗತಿಯ ಮೇಲೆ ಮೂರು ವರ್ಷ ಓದಿದರೆ ಡಿಪ್ಲೊಮಾ ಕೈಗೆ ಬರುತ್ತದೆ. ಇಷ್ಟವಿದ್ದರೆ, ಅಂಕಗಳಿದ್ದರೆ, ನೇರವಾಗಿ ಬಿ.ಇ. ಎರಡನೆಯ ವರ್ಷಕ್ಕೆ ಸೇರಬಹುದು. ಹನ್ನೆರಡನೆಯ ತರಗತಿಯ ಮೂಲಕ ಹೋದವನಿಗೂ ಇವನಿಗೂ ಒಟ್ಟು ಓದಿನ ಅವಧಿ ಆರೇ ವರ್ಷ. ಹೆಚ್ಚಳವೆಂದರೆ, ನಡುವೆ ಮನೆಗೆ ಕಷ್ಟ ಬಂದರೆ ಇವನ ಕೈಯಲ್ಲಿ ಒಂದು ಅರ್ಹತೆ ಇರುತ್ತದೆ. ಅವನ ಕೈಯಲ್ಲಿ ಅರ್ಧ ಓದಿದ ಪುಸ್ತಕ ಮಾತ್ರ. ಐ.ಟಿ.ಐ.ಯಲ್ಲಿ ಎರಡು ವರ್ಷದ ತರಬೇತಿ ಪಡೆದವನಿಗೂ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರುವ ಅವಕಾಶವಿದೆ. ರೈಲ್ವೆಯ ಜೂನಿಯರ್ ಇಂಜಿನಿಯರ್ ಪರೀಕ್ಷೆಗೂ, ಕೇಂದ್ರ ಸರ್ಕಾರದ ಇಲಾಖೆಗಳ ಜೂನಿಯರ್ ಇಂಜಿನಿಯರ್ ಪರೀಕ್ಷೆಗೂ ಡಿಪ್ಲೊಮಾ ಆದವರು ಕೂಡಬಹುದು. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಕಾರ್ಖಾನೆಗಳಲ್ಲಿ ಸಹಾಯಧನ ಪಡೆಯುತ್ತ ಕೆಲಸ ಕಲಿಯುವ ಏರ್ಪಾಡೂ ಉಂಟು.

ಹೋಟೆಲಿನಲ್ಲಿ ದುಡಿಯುವ ತಂದೆಗೆ ಇಂಜಿನಿಯರಿಂಗ್ ಎಂದರೆ ದೂರದ ವಿಷಯವೆಂದು ತೋರುತ್ತದೆ. ಅವನ ಸುತ್ತ ಒಮ್ಮೆ ನೋಡಿ! ಇಡ್ಲಿ ಬೇಯಿಸುವ ಹಬೆಯ ಪೆಟ್ಟಿಗೆ, ಹಿಟ್ಟು ರುಬ್ಬುವ ಯಂತ್ರ, ಶೀತಲ ಕೋಣೆ, ಹೊಗೆ ಎಳೆಯುವ ಪಂಖ, ಗ್ಯಾಸಿನ ಕೊಳವೆಗಳು. ಬೆಳಿಗ್ಗೆ ಆರು ಗಂಟೆಗೆ ರುಬ್ಬುವ ಯಂತ್ರ ನಿಂತರೆ ಯಜಮಾನರು ದೇವರಿಗಿಂತ ಮೊದಲು ನೆನೆಯುವುದು ಮೆಕ್ಯಾನಿಕನನ್ನು. ಶೀತಲೀಕರಣ, ವಿದ್ಯುತ್ತು, ಯಂತ್ರ ದುರಸ್ತಿ ಈ ವಿಷಯಗಳನ್ನು ಕ್ರಮವಾಗಿ ಕಲಿತವನಿಗೆ ನಗರದಲ್ಲಿ ಕೆಲಸವಿಲ್ಲವೆಂಬುದನ್ನು ನಾವು ಕೇಳಿದ್ದು ಕಡಮೆ. ಹೋಟೆಲಿನ ಮಗನೊಬ್ಬ ಹೋಟೆಲಿನ ಯಂತ್ರಗಳನ್ನೇ ಸುಧಾರಿಸುವ ಇಂಜಿನಿಯರಾಗಬೇಕೆಂದು ಕನಸು ಕಂಡರೆ ಅದು ಸಣ್ಣ ಕನಸೇ?

ಕಟ್ಟಡ ಮತ್ತು ಸೇತುವೆಗಳ ಶಾಖೆಯ ವಿಷಯದಲ್ಲಿ ಸುಳ್ಳು ಆಸೆ ತೋರಿಸಬಾರದು. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತು ಸಮುದ್ರದ ಮೇಲೆ, ನೆಲದ ಮೇಲೆ ಸೇರಿ ಸುಮಾರು 22 ಕಿಲೋಮೀಟರ್ ಉದ್ದವಿದೆ. ನಗರದ ಅಡಿಯಲ್ಲೂ ಮೇಲೆಯೂ ಮೆಟ್ರೋ ಮಾರ್ಗಗಳು ಆಗಿವೆ, ಆಗುತ್ತಲೂ ಇವೆ. ಕೆಲಸ ಬಹಳವಿದೆಯೆಂಬುದು ನಿಜ. ಆದರೆ ಹೊಸಬನಿಗೆ ಸಿಕ್ಕುವ ಸಂಬಳ ಹೆಚ್ಚಿನದೇನಲ್ಲ. ಬಿಸಿಲು, ಕೆಸರು, ರಾತ್ರಿಪಾಳಿ, ಊರೂರು ತಿರುಗುವುದು ಇವೆಲ್ಲ ಜೊತೆಗೇ ಬರುತ್ತವೆ. ನಾಸಿಕದ ಸಹಾಯಕ ಇಂಜಿನಿಯರನಿಗೂ ಬಂದಿದ್ದವು.

ದುಡಿಯುತ್ತ ಓದುವವರು

ಈಗ ನಮ್ಮ ವಾಚಕರಲ್ಲಿಯೇ ಇರುವ ಯುವಕರ ಮಾತು. ಹಗಲು ಹೋಟೆಲಿನಲ್ಲಿ ಮಾಣಿಯಾಗಿ ದುಡಿದು, ರಾತ್ರಿ ಕೋಟೆಯ ಕನ್ನಡ ಶಾಲೆಗಳಲ್ಲಿ ಓದಿ ಮುಂದೆ ಬಂದವರ ಪರಂಪರೆ ಮುಂಬಯಿ ಕನ್ನಡಿಗರ ಹೆಮ್ಮೆ. ಇಂಜಿನಿಯರಿಂಗಿನಲ್ಲೂ ಅಂಥ ಒಂದು ದಾರಿಯಿತ್ತು. 1920ರಲ್ಲಿ ಸ್ಥಾಪಿತವಾದ ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ ಸಂಸ್ಥೆಯ ಎ.ಎಂ.ಐ.ಇ. ಪರೀಕ್ಷೆಗಳನ್ನು ಕಟ್ಟಿ, ಕಾರ್ಖಾನೆಯ ನಕ್ಷೆಗಾರರೂ ಮೇಸ್ತ್ರಿಗಳೂ ಪದವೀಧರರ ಸಮಕ್ಕೆ ಏರಿದ ಉದಾಹರಣೆಗಳು ಅನೇಕ. ಆದರೆ ಆ ಪರೀಕ್ಷೆಗೆ ಪದವಿಗೆ ಸಮಾನವೆಂಬ ಕೇಂದ್ರ ಸರ್ಕಾರದ ಮಾನ್ಯತೆ ಇರುವುದು 2013ರ ಮೇ 31ರವರೆಗೆ ಹೆಸರು ನೋಂದಾಯಿಸಿದವರಿಗೆ ಮಾತ್ರ. ಇದನ್ನು ತಿಳಿಯದೆ ಈಗಲೂ ಶುಲ್ಕ ಕಟ್ಟಲು ಹೊರಡುವವರು ಎಚ್ಚರ ವಹಿಸಬೇಕು.

ಅದಕ್ಕಿಂತ ಹೆಚ್ಚಿನ ಎಚ್ಚರ ಬೇಕಾಗಿರುವುದು, ಮನೆಯಲ್ಲಿಯೇ ಕುಳಿತು ಬಿ.ಟೆಕ್. ಪಡೆಯಿರಿ ಎಂದು ಕರೆಯುವ ಜಾಹೀರಾತುಗಳ ವಿಷಯದಲ್ಲಿ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿಯಿಲ್ಲದೆ ಅಂಚೆಶಿಕ್ಷಣದ ಮೂಲಕ ಕೊಟ್ಟ ಇಂಜಿನಿಯರಿಂಗ್ ಪದವಿಗಳ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2017ರಲ್ಲಿ ತೀರ್ಪು ಹೊರಬಿದ್ದಾಗ, ಆ ಪದವಿಗಳನ್ನು ನಂಬಿ ನೌಕರಿ, ಬಡ್ತಿ ಪಡೆದವರೆಷ್ಟೋ ಮಂದಿ ನಡುನೀರಿನಲ್ಲಿ ನಿಂತರು. ಹಣ ಹೋದುದಕ್ಕಿಂತ ಹೆಚ್ಚಾಗಿ, ವರ್ಷಗಟ್ಟಲೆ ನಿದ್ದೆಗೆಟ್ಟು ಓದಿದ ರಾತ್ರಿಗಳು ಹೋದವು. ಈಗ ಇರುವ ನ್ಯಾಯವಾದ ದಾರಿ ಬೇರೆ. ದುಡಿಯುತ್ತಿರುವ ಡಿಪ್ಲೊಮಾದವರು ಅನುಕೂಲವಾದ ವೇಳೆಯಲ್ಲಿ ಕಾಲೇಜಿಗೆ ಹೋಗಿಯೇ ಪದವಿ ಪಡೆಯುವಂತೆ ತಾಂತ್ರಿಕ ಶಿಕ್ಷಣ ಪರಿಷತ್ತು 2023-24ರಿಂದ ಕಾಲೇಜುಗಳಿಗೆ ಅನುಮತಿ ಕೊಡತೊಡಗಿದೆ. ನಿಮ್ಮ ನಗರದ ಯಾವ ಕಾಲೇಜಿಗೆ ಈ ಅನುಮತಿಯಿದೆಯೆಂದು ಪರಿಷತ್ತಿನ ಪಟ್ಟಿಯಲ್ಲಿ ನೋಡಿಕೊಂಡೇ ಮುಂದುವರಿಯುವುದು ಕ್ಷೇಮ.

ಯಾವ ರಾಜ್ಯದ ಹುಡುಗ?

ಹೊರನಾಡಿನ ಕನ್ನಡಿಗನಿಗೆ ಅಂಕಗಳಿಗಿಂತ ಹೆಚ್ಚಾಗಿ ತೊಡಕು ತರುವುದು ಕಾಗದಪತ್ರಗಳು. ಮಹಾರಾಷ್ಟ್ರದ ಅಭ್ಯರ್ಥಿಯೆನಿಸಿಕೊಳ್ಳಲು ಸಾಮಾನ್ಯವಾಗಿ ಹತ್ತು, ಹನ್ನೆರಡನೆಯ ತರಗತಿಗಳನ್ನು ಇಲ್ಲಿಯೇ ಮುಗಿಸಿರಬೇಕು. ಇಲ್ಲಿ ಹುಟ್ಟಿರಬೇಕು, ಇಲ್ಲವೆ ಹದಿನೈದು ವರ್ಷದ ವಾಸವನ್ನು ತೋರಿಸಿ ಡೊಮಿಸೈಲ್ ಪತ್ರ ಪಡೆದಿರಬೇಕು. ಹೋಟೆಲಿನವರ ಮಕ್ಕಳಲ್ಲಿ ಎಷ್ಟೋ ಮಂದಿ ಹತ್ತನೆಯ ತರಗತಿಯವರೆಗೆ ಊರಿನಲ್ಲಿ ಅಜ್ಜಿಯ ಬಳಿ ಇದ್ದು, ಆಮೇಲೆ ತಂದೆಯ ಬಳಿಗೆ ಬರುತ್ತಾರೆ. ಅಂಥವರು ಅಲ್ಲಿಗೂ ಸಲ್ಲದೆ ಇಲ್ಲಿಗೂ ಸಲ್ಲದೆ ಆಗುವ ಸಂಭವವುಂಟು. ಹುಡುಗನನ್ನು ರೈಲು ಹತ್ತಿಸುವ ಮೊದಲೇ ಈ ಲೆಕ್ಕವನ್ನು ನೋಡಿಕೊಳ್ಳಬೇಕು.

ಜಾತಿ ಪ್ರಮಾಣಪತ್ರದ ವಿಷಯವೂ ಹೀಗೆಯೇ. ಆಂಧ್ರದಿಂದ ಮುಂಬಯಿಗೆ ಬಂದ ಪರಿಶಿಷ್ಟ ಪಂಗಡದ ಕುಟುಂಬದ ವಿದ್ಯಾರ್ಥಿಯೊಬ್ಬನಿಗೆ ವೈದ್ಯಕೀಯ ಕಾಲೇಜಿನಲ್ಲಿ ಮೀಸಲು ಸೀಟು ನಿರಾಕರಿಸಲ್ಪಟ್ಟಾಗ, ಒಂದು ರಾಜ್ಯದಲ್ಲಿ ಪರಿಶಿಷ್ಟನಾದವನು ವಲಸೆ ಹೋದ ರಾಜ್ಯದಲ್ಲಿ ಅದೇ ಸೌಲಭ್ಯವನ್ನು ಕೇಳುವಂತಿಲ್ಲವೆಂದು ಸುಪ್ರೀಂ ಕೋರ್ಟು 1990ರಲ್ಲಿ ನಿರ್ಣಯಿಸಿತು. ಆದುದರಿಂದ ಊರಿನ ತಹಶೀಲ್ದಾರರು ಕೊಟ್ಟ ಪತ್ರವನ್ನು ನೆಚ್ಚಿ ಇಲ್ಲಿಯ ಸೀಟಿನ ಆಸೆಯಲ್ಲಿ ಕೂಡಬಾರದು. ಐ.ಐ.ಟಿ.ಯಂಥ ಕೇಂದ್ರ ಸಂಸ್ಥೆಗಳಲ್ಲಿ ಮಾತ್ರ ಪರಿಶಿಷ್ಟರಿಗೆ ಆ ಪತ್ರ ನಡೆಯುತ್ತದೆ.

ಇನ್ನು, ನಮ್ಮವರು ಸಾಕಷ್ಟು ಬಳಸಿಕೊಳ್ಳದ ಒಂದು ಬಾಗಿಲಿದೆ. ಕರ್ನಾಟಕದ ಪ್ರವೇಶ ಪರೀಕ್ಷೆಯ ನಿಯಮಗಳಲ್ಲಿ ಹೊರನಾಡ ಕನ್ನಡಿಗರಿಗೂ ಗಡಿನಾಡ ಕನ್ನಡಿಗರಿಗೂ ಬೇರೆಯೇ ಕಲಮುಗಳಿವೆ. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯವರು ಹೊರಗೆ ನೆಲಸಿದ್ದರೂ ಆ ಕಲಮುಗಳ ಆಧಾರದಿಂದ ಅರ್ಹತೆ ಪಡೆಯಬಹುದು. ಆದರೆ ಅವರು ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಇಲ್ಲಿಯೇ ನಮ್ಮ ಮಕ್ಕಳು ತಡವರಿಸುವುದು. ಗಣಿತದಲ್ಲಿ ತೊಂಬತ್ತು ಅಂಕ ಪಡೆದ ಹುಡುಗ, ಮನೆಯಲ್ಲಿ ದಿನವೂ ಕನ್ನಡವನ್ನೇ ಆಡುವ ಹುಡುಗ, ತನ್ನ ಹೆಸರನ್ನು ಕನ್ನಡದಲ್ಲಿ ಬರೆಯಲಾರ. ಒತ್ತಕ್ಷರ ಬಂದರೆ ಬೆವರುತ್ತಾನೆ. ಭಾಷಾಭಿಮಾನದ ಮಾತನ್ನು ಬದಿಗಿಡೋಣ, ಅದನ್ನು ರಾಜ್ಯೋತ್ಸವದ ಭಾಷಣಕಾರರು ನೋಡಿಕೊಳ್ಳುತ್ತಾರೆ. ಇದು ಬರಿಯ ಸೀಟಿನ ಮಾತು. ದಿನಕ್ಕೆ ಅರ್ಧ ಗಂಟೆಯಂತೆ ಬೇಸಿಗೆ ರಜೆಯಲ್ಲಿ ಕಲಿಸಿದರೆ ಓದುಬರಹ ಬಂದೇ ಬರುತ್ತದೆ. ಮಗ ನೋಡುತ್ತಿರುವಂತೆ ಈ ಪತ್ರಿಕೆಯನ್ನು ತಂದೆ ಗಟ್ಟಿಯಾಗಿ ಓದಿದರೂ ಅರ್ಧ ಕೆಲಸ ಆದಂತೆಯೇ. ಅಖಿಲ ಭಾರತ ಮಟ್ಟದ ಜೆ.ಇ.ಇ. ಮುಖ್ಯ ಪರೀಕ್ಷೆಯನ್ನು ಸಹ 2021ರಿಂದ ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದಾಗಿದೆ.

ಹಣದ ಮಾತು

ಸಾಲವೆಂದರೆ ಬಡ್ಡಿಯ ಶೇಟಜಿಯೇ ಎಂದು ತಿಳಿಯಬೇಕಾಗಿಲ್ಲ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿಗೆ ಮೀರದಿದ್ದರೆ, ನಿಯಮಗಳಿಗೊಳಪಟ್ಟ ಶಿಕ್ಷಣ ಸಾಲಕ್ಕೆ ಓದಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷದವರೆಗಿನ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆಯಿದೆ. ಉತ್ತಮ ಶ್ರೇಯಾಂಕದ ಸಂಸ್ಥೆಗಳಿಗೆ ಸೇರಿದವರಿಗೆ ಅಡವು, ಜಾಮೀನು ಇಲ್ಲದೆ ಸಾಲ ಕೊಡುವ ವಿದ್ಯಾಲಕ್ಷ್ಮಿ ಯೋಜನೆಗೆ 2024ರ ನವೆಂಬರಿನಲ್ಲಿ ಒಪ್ಪಿಗೆ ದೊರೆಯಿತು. ಆದಾಯದ ಪ್ರಮಾಣಪತ್ರ ಬೇಕಾಗುವುದರಿಂದ, ಹೋಟೆಲಿನ ಯಜಮಾನರು ಸಂಬಳದ ಚೀಟಿ ಕೊಡಲು ಹಿಂದೆಗೆಯಬಾರದು. ಚೀಟಿಯಿಲ್ಲದೆ ಬ್ಯಾಂಕಿನ ಬಾಗಿಲಿನಿಂದ ಹಿಂತಿರುಗಿದವರು ನಮ್ಮವರಲ್ಲಿ ಇದ್ದಾರೆ.

ಇಷ್ಟು ಹೊತ್ತೂ ಹುಡುಗ, ಹುಡುಗ ಎಂದೇ ಬರೆದೆವು, ಏಕೆಂದರೆ ಸಂಘದ ಕಚೇರಿಗೆ ಬರುವ ಪ್ರಶ್ನೆಯೂ ಹಾಗೆಯೇ ಇರುತ್ತದೆ. ಅದೇ ಮನೆಯಲ್ಲಿ ಅಣ್ಣನಿಗಿಂತ ಹೆಚ್ಚು ಅಂಕ ಪಡೆದ ತಂಗಿಯಿರುತ್ತಾಳೆ, ಆಕೆಗೆ ಬಿ.ಕಾಂ. ಸಾಕು ಎಂದು ನಿಶ್ಚಯವಾಗಿರುತ್ತದೆ. ಕಾರಣ ಕೇಳಿದರೆ ಹಣವೆನ್ನುತ್ತಾರೆ. ತಾಂತ್ರಿಕ ಶಿಕ್ಷಣ ಪರಿಷತ್ತಿನ ಪ್ರಗತಿ ವಿದ್ಯಾರ್ಥಿವೇತನವಿರುವುದು ಹೆಣ್ಣುಮಕ್ಕಳಿಗೆ ಮಾತ್ರ. ಡಿಪ್ಲೊಮಾಕ್ಕಾಗಲಿ ಪದವಿಗಾಗಲಿ ವರ್ಷಕ್ಕೆ 50,000 ರೂಪಾಯಿ, ಒಂದು ಕುಟುಂಬದಲ್ಲಿ ಇಬ್ಬರವರೆಗೆ, ವಾರ್ಷಿಕ ಆದಾಯ 8 ಲಕ್ಷ ಮೀರಿರಬಾರದು. ಅರ್ಜಿಯನ್ನು ಮೊದಲ ವರ್ಷದಲ್ಲಿಯೇ ಸಲ್ಲಿಸಬೇಕು. ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೆಯ ವರ್ಷಕ್ಕೆ ಸೇರಿದವಳಾದರೆ ಆ ವರ್ಷದಲ್ಲಿ. ಅರ್ಜಿ ತುಂಬುವುದು ರಾಷ್ಟ್ರೀಯ ವಿದ್ಯಾರ್ಥಿವೇತನದ ಜಾಲತಾಣದಲ್ಲಿ. ಅದಕ್ಕೆ ಬೇಕಾದ ಬ್ಯಾಂಕ್ ಖಾತೆ ತಂದೆಯದಲ್ಲ, ಮಗಳದೇ ಆಗಿರಬೇಕು.