ಮರದ ಬೇಲಿ: ಕಟ್ಟುವ ಮುನ್ನ ತೆರಿಗೆಯ ಲೆಕ್ಕ

ಕಾರ್ಖಾನೆಯ ಅಂಗಳದಲ್ಲಿರುವ ಸರಕು ಹೊರಗಿನವರ ಕಣ್ಣಿಗೆ ಬೀಳದಂತೆ ಆಳೆತ್ತರದ ಮರದ ಬೇಲಿ ಹಾಕಿಸುವ ಉದ್ಯಮಿಗಳು ಉಂಟು. ಇಟ್ಟಿಗೆ ಗೋಡೆಗಿಂತ ಇದು ಬೇಗ ಮುಗಿಯುತ್ತದೆ, ಬೇಕೆನಿಸಿದಾಗ ಬಿಚ್ಚಲೂಬಹುದು. ಆದರೆ ವರ್ಷಾಂತ್ಯದಲ್ಲಿ ಅದರ ಬಿಲ್ಲುಗಳನ್ನು 'ದುರಸ್ತಿ' ಖಾತೆಗೆ ಬರೆದು, ಜಿಎಸ್‌ಟಿ ಜಮೆಯನ್ನೂ ಪಡೆದುಬಿಡುವ ರೂಢಿ ಹಲವೆಡೆ ಇದೆ. ಈ ರೂಢಿ ದುಬಾರಿಯಾಗಿ ಪರಿಣಮಿಸಬಲ್ಲದು.

ಬೇಲಿಯ ರಚನೆ

ಮರದ ಕಂಬ ಮೊದಲು ಕೆಡುವುದು ಅದು ನೆಲ ಸೇರುವ ಜಾಗದಲ್ಲಿ. ತೇವ ಮತ್ತು ಗಾಳಿ ಎರಡೂ ಅಲ್ಲಿ ಕೂಡುವುದರಿಂದ ಮರ ಕೊಳೆಯುತ್ತದೆ, ಗೆದ್ದಲೂ ಹತ್ತುತ್ತದೆ. ಆದ್ದರಿಂದ ಕಲ್ಲುಕಂಬಗಳನ್ನು ನೆಟ್ಟು, ಅಡ್ಡಪಟ್ಟಿ ಬಿಗಿದು, ಹಲಗೆಗಳನ್ನು ನೆಲದಿಂದ ಎರಡು ಅಂಗುಲ ಮೇಲಕ್ಕೆ ಜೋಡಿಸುವುದು ಲೇಸು. ಸಂದಿಲ್ಲದ ಬೇಲಿಯು ಗಾಳಿಯ ಒತ್ತಡವನ್ನೆಲ್ಲ ತಾನೇ ತಡೆಯಬೇಕಾಗುವುದರಿಂದ, ಆರು ಅಡಿ ಎತ್ತರಕ್ಕೆ ಒಂಬತ್ತು ಅಡಿಯ ಕಂಬ ತಂದು ಮೂರು ಅಡಿ ಹೂಳುವುದು ಸುರಕ್ಷಿತ. ಕಟ್ಟುವ ಈ ಬಗೆಯೇ ತೆರಿಗೆಯ ಲೆಕ್ಕವನ್ನೂ ನಿರ್ಧರಿಸುತ್ತದೆ.

ಆದಾಯ ತೆರಿಗೆ

ಹೊಸ ಬೇಲಿಯ ವೆಚ್ಚ ಬಂಡವಾಳ ವೆಚ್ಚವಾಗಿದ್ದು, ಸವಕಳಿಯ ಮೂಲಕವೇ ಕಳೆಯತಕ್ಕದ್ದು. 1961ರ ಕಾಯಿದೆ ಅನ್ವಯವಾಗುವ ಕೊನೆಯ ಹಣಕಾಸು ವರ್ಷವಾದ 2025-26ರವರೆಗೆ, ವಾಸಕ್ಕಲ್ಲದ ಕಟ್ಟಡಗಳ ಸವಕಳಿ ದರ ಶೇ. 10. 'ಕೇವಲ ತಾತ್ಕಾಲಿಕ'ವಾದ ಮರದ ರಚನೆಗಳಿಗೆ ಶೇ. 40, 2016-17ರವರೆಗೆ ಇದು ಶೇ. 100 ಇತ್ತು. ಇಲ್ಲಿ ಮರವೆಂಬುದಷ್ಟೇ ಸಾಲದು, ತಾತ್ಕಾಲಿಕವೂ ಆಗಿರಬೇಕು. ಅಲ್ಪಾವಧಿಗೆ ಗುತ್ತಿಗೆ ಪಡೆದ ಜಾಗದಲ್ಲಿ ಸರ್ವೆ ಗಳುಗಳಿಂದ ಕಟ್ಟಿದ ಬೇಲಿಗೆ ಶೇ. 40 ಕೇಳಬಹುದು, ಕಾಂಕ್ರೀಟಿನಲ್ಲಿ ಹೂತ ಕಲ್ಲುಕಂಬಗಳ ಬೇಲಿಗೆ ಅದು ಸಲ್ಲದು. ಬಳಕೆ 180 ದಿನಗಳಿಗಿಂತ ಕಡಿಮೆಯಾದರೆ ಆ ವರ್ಷ ಅರ್ಧ ಸವಕಳಿ ಮಾತ್ರ. ಕಂಪನಿಗಳ ಲೆಕ್ಕಪುಸ್ತಕಕ್ಕೆ 2013ರ ಕಾಯಿದೆಯ ಎರಡನೆಯ ಅನುಸೂಚಿಯು ಬೇಲಿಗೆ 5 ವರ್ಷಗಳ ಆಯುಷ್ಯ ನಿಗದಿಪಡಿಸಿದೆ. 2026ರ ಏಪ್ರಿಲ್ 1ರಿಂದಾಚೆಗಿನ ವೆಚ್ಚಕ್ಕೆ 2025ರ ಆದಾಯ ತೆರಿಗೆ ಕಾಯಿದೆಯಡಿಯ ದರಪಟ್ಟಿಯನ್ನೇ ನೋಡಿಕೊಳ್ಳಬೇಕು.

ಹೂಡುವಳಿ ತೆರಿಗೆ

ಜಿಎಸ್‌ಟಿ ಕಾಯಿದೆಯ 17(5)ನೆಯ ಪ್ರಕರಣವು ಸ್ಥಿರಾಸ್ತಿಯ ನಿರ್ಮಾಣಕ್ಕೆ ತೆತ್ತ ತೆರಿಗೆಯ ಜಮೆಯನ್ನು ತಡೆಯುತ್ತದೆ. ಕೆಲಸವನ್ನು ಗುತ್ತಿಗೆಗೆ ಕೊಟ್ಟರೂ, ಹಲಗೆ ಮತ್ತು ಸಿಮೆಂಟನ್ನು ತಾವೇ ಕೊಂಡು ಕಟ್ಟಿಸಿದರೂ ಫಲ ಒಂದೇ. ಆದರೆ ದುರಸ್ತಿಯ ವಿಷಯದಲ್ಲಿ, ವೆಚ್ಚವನ್ನು ಬಂಡವಾಳವಾಗಿ ಬರೆದಷ್ಟಕ್ಕೆ ಮಾತ್ರ ಈ ತಡೆ ಅನ್ವಯಿಸುತ್ತದೆ. ಇರುವ ಬೇಲಿಯ ಕೊಳೆತ ಹಲಗೆಗಳನ್ನು ಬದಲಿಸಿ, ವೆಚ್ಚವನ್ನು ಲಾಭ-ನಷ್ಟ ಖಾತೆಗೆ ಬರೆದರೆ ಜಮೆ ಲಭ್ಯ. ನೆಲಕ್ಕೆ ಹೂಳದೆ, ತನ್ನ ಪಾದದ ಮೇಲೆಯೇ ನಿಲ್ಲುವ, ಎತ್ತಿಡಬಹುದಾದ ಮರದ ತಡಿಕೆಯು ಸ್ಥಿರಾಸ್ತಿಯಲ್ಲವಾದ್ದರಿಂದ ಅದಕ್ಕೂ ಈ ತಡೆಯಿಲ್ಲ.

ಒಂದು ಉದಾಹರಣೆ

ಹೊಸ ಬೇಲಿಯ ಗುತ್ತಿಗೆ ರೂ. 1,00,000, ಶೇ. 18ರಂತೆ ಜಿಎಸ್‌ಟಿ ರೂ. 18,000 ಎಂದಿರಲಿ. ಜಮೆ ಸಿಗದ ಕಾರಣ ರೂ. 1,18,000 ಪೂರ್ತಿ ಆಸ್ತಿಯ ಬೆಲೆಯಾಗುತ್ತದೆ. ಪೂರ್ಣ ವರ್ಷದ ಸವಕಳಿ ಶೇ. 10ರಂತೆ ರೂ. 11,800, ತಾತ್ಕಾಲಿಕ ರಚನೆಯೆಂದು ಸಾಬೀತಾದರೆ ರೂ. 47,200. ಇದರ ಬದಲು ರೂ. 18,000 ಜಮೆಯನ್ನು ತಪ್ಪಾಗಿ ಪಡೆದು ಬಳಸಿದ್ದರೆ, ಅದನ್ನು ವಾರ್ಷಿಕ ಶೇ. 18ರ ಬಡ್ಡಿಯೊಂದಿಗೆ ಹಿಂದಿರುಗಿಸಬೇಕು. ದಂಡದ ಸಂಭವವೂ ಉಂಟು.

ಗಮನಿಸಬೇಕಾದ ಅಂಶಗಳು

1. ಹೊಸ ಕೆಲಸ ಮತ್ತು ದುರಸ್ತಿ ಒಟ್ಟಿಗೆ ನಡೆದರೆ ಬಿಲ್ಲುಗಳನ್ನು ಬೇರೆ ಬೇರೆಯಾಗಿ ಪಡೆಯಬೇಕು. ದುರಸ್ತಿಗೆ ಮುಂಚಿನ ಛಾಯಾಚಿತ್ರವನ್ನು ಕಡತದಲ್ಲಿಡುವುದು ಒಳ್ಳೆಯದು.

2. ಹೊಸ ಬೇಲಿಗಾಗಿ ಒಬ್ಬರಿಗೆ ಒಂದೇ ದಿನ ರೂ. 10,000 ಮೀರಿ ನಗದು ಪಾವತಿಸಿದರೆ, 1961ರ ಕಾಯಿದೆಯಂತೆ ಆ ಮೊತ್ತ ಆಸ್ತಿಯ ಬೆಲೆಗೆ ಸೇರದು. ಅದರ ಸವಕಳಿಯೂ ದೊರೆಯದು.

3. ಮನೆ ಮತ್ತು ಉದ್ಯಮ ಒಂದೇ ಅಂಗಳದಲ್ಲಿದ್ದರೆ, ಉದ್ಯಮಕ್ಕೆ ಸೇರಿದ ಪಾಲನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

ಬೇಲಿ ಯಾವ ಬಗೆಯದು, ಎಷ್ಟು ಕಾಲಕ್ಕೆ ಬೇಕು ಎಂಬುದನ್ನು ಗುತ್ತಿಗೆ ಪತ್ರದಲ್ಲಿಯೇ ಸ್ಪಷ್ಟವಾಗಿ ನಮೂದಿಸಿದಲ್ಲಿ ಮುಂದೆ ತನಿಖೆಯ ವೇಳೆ ಉತ್ತರ ಹುಡುಕಬೇಕಾಗಿಲ್ಲ.