ಸಮಮಿತಿ ಮತ್ತು ಸರಾಸರಿ: ಸಂಖ್ಯಾಶಾಸ್ತ್ರದ ಕಲಿಕೆಯಲ್ಲಿ ಶಬ್ದಾರ್ಥವಿಚಾರ

ಸಂಖ್ಯಾಶಾಸ್ತ್ರದ ಪ್ರಥಮ ಪಾಠಗಳಲ್ಲಿ ಸರಾಸರಿಯೆಂಬುದು ಮುಖ್ಯವಾದುದು. ದತ್ತವಾದ ಸಂಖ್ಯೆಗಳನ್ನು ಕೂಡಿ, ಆ ಮೊತ್ತವನ್ನು ಅವುಗಳ ಎಣಿಕೆಯಿಂದ ಭಾಗಿಸಿದರೆ ಸರಾಸರಿಯು ಲಭಿಸುವುದು. ಕ್ರಿಯೆಯು ಸುಲಭ; ಬಾಲಕರು ಅದನ್ನು ಬೇಗನೆ ಕಲಿಯುತ್ತಾರೆ. ಆದರೆ ಕ್ರಿಯೆಯನ್ನು ಬಲ್ಲವರೆಲ್ಲರೂ ಅದರ ಅರ್ಥವನ್ನು ಬಲ್ಲವರಲ್ಲವೆಂಬುದು ಶಿಕ್ಷಣಸಂಶೋಧಕರ ಪರಿಶೀಲನೆಯಿಂದ ಸ್ಥಿರಪಟ್ಟಿದೆ. ಈ ಕೊರತೆಯು ಗಣಿತದ್ದೋ ಭಾಷೆಯದೋ ಎಂಬ ಪ್ರಶ್ನೆಯು ಗಣಿತೋಪಾಧ್ಯಾಯರಿಗೆ ಮಾತ್ರವಲ್ಲದೆ ಸಾಹಿತ್ಯಾಧ್ಯಾಪಕರಿಗೂ ಸಂಬಂಧಪಟ್ಟುದಾಗಿದೆ.

ಅಮೆರಿಕದಲ್ಲಿ ಮೋಕ್ರೋಸ್ ಮತ್ತು ರಸೆಲ್ ಎಂಬ ವಿದುಷಿಯರು ನಾಲ್ಕು, ಆರು ಮತ್ತು ಎಂಟನೆಯ ತರಗತಿಗಳ ಮಕ್ಕಳನ್ನು ಪ್ರಶ್ನಿಸಿ, 1995ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಮಕ್ಕಳು ಸರಾಸರಿಯನ್ನು ಐದು ಬಗೆಯಾಗಿ ಗ್ರಹಿಸುತ್ತಾರೆಂದು ಅವರು ವಿಂಗಡಿಸಿದ್ದಾರೆ. ಕೆಲವರಿಗೆ ಅದು ಅತ್ಯಂತ ಹೆಚ್ಚು ಸಲ ಬರುವ ಸಂಖ್ಯೆ. ಕೆಲವರಿಗೆ ಕೂಡಿ ಭಾಗಿಸುವ ವಿಧಿ. ಕೆಲವರಿಗೆ ಯುಕ್ತವೆಂದು ತೋರುವ ಅಂದಾಜು. ಕೆಲವರಿಗೆ ನಡುವಿನ ಸ್ಥಾನ. ಇನ್ನು ಕೆಲವರಿಗೆ ಎರಡು ಪಕ್ಕಗಳೂ ಸಮತೂಗುವ ಬಿಂದು. ವಿಧಿಯನ್ನು ಮಾತ್ರ ನೆಚ್ಚಿದವರು ತಮಗೆ ದೊರೆತ ಉತ್ತರವನ್ನು ಮೂಲಸಂಖ್ಯೆಗಳೊಡನೆ ಹೊಂದಿಸಿ ನೋಡಲಾರದೆ ಹೋದರೆಂಬುದು ಗಮನಾರ್ಹ.

ಕನ್ನಡದಲ್ಲಿ ಈ ತೊಡಕಿಗೆ ಶಬ್ದವೂ ಒಂದು ಕಾರಣವಾಗಬಲ್ಲುದು. ಸರಾಸರಿ ಎಂಬುದು ಫಾರಸಿಯಿಂದ ಬಂದು ಬಳಕೆಯಲ್ಲಿ ನೆಲೆಸಿದ ಮಾತು. ಲೋಕವ್ಯವಹಾರದಲ್ಲಿ ಅದಕ್ಕೆ ಸುಮಾರು, ಸಾಧಾರಣ ಎಂಬ ಅರ್ಥಗಳೂ ಉಂಟು. ಸರಾಸರಿ ವಿದ್ಯಾರ್ಥಿಯೆಂದರೆ ಜಾಣನೂ ಅಲ್ಲದ ದಡ್ಡನೂ ಅಲ್ಲದ ಹುಡುಗನೆಂದೇ ಜನರು ತಿಳಿಯುತ್ತಾರೆ. ಈ ಅರ್ಥಗಳನ್ನು ಮನೆಯಿಂದಲೇ ಹೊತ್ತು ತಂದ ಬಾಲಕನಿಗೆ ಶಾಲೆಯು ಸೂತ್ರವನ್ನು ಕೊಡುತ್ತದೆಯೇ ಹೊರತು, ಹಳೆಯ ಅರ್ಥಕ್ಕೂ ಹೊಸ ಅರ್ಥಕ್ಕೂ ಇರುವ ಭೇದವನ್ನು ಬಿಡಿಸಿ ಹೇಳುವುದು ವಿರಳ.

ಪ್ರಾಚೀನರ ಪರಿಭಾಷೆಯು ಇಲ್ಲಿ ಉಪಕಾರಕವಾಗಿದೆ. ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ಲೀಲಾವತಿಯ ಖಾತವ್ಯವಹಾರದಲ್ಲಿ, ಅಂಕುಡೊಂಕಾದ ಹೊಂಡವನ್ನು ಅಳೆಯುವ ಕ್ರಮವು ಉಕ್ತವಾಗಿದೆ. ಅನೇಕ ಸ್ಥಾನಗಳಲ್ಲಿ ಅಳೆದು, ಆ ಅಳತೆಗಳ ಮೊತ್ತವನ್ನು ಸ್ಥಾನಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಸಮಮಿತಿ. ಅಲ್ಲಿಯ ಉದಾಹರಣೆಯಲ್ಲಿ ಉದ್ದವು ಮೂರು ಕಡೆಗಳಲ್ಲಿ 10, 11, 12 ಹಸ್ತ. ಅಗಲವು 6, 5, 7. ಆಳವು 2, 4, 3. ಸಮಮಿತಿಗಳು ಕ್ರಮವಾಗಿ 11, 6, 3. ಘನಫಲವು 198 ಹಸ್ತ. ಏರುತಗ್ಗುಗಳನ್ನು ಸಮಮಾಡಿದರೆ ನಿಲ್ಲುವ ಮಟ್ಟವೇ ಸಮಮಿತಿಯೆಂಬ ಅರ್ಥವು ಹೆಸರಿನಲ್ಲಿಯೇ ಅಡಗಿದೆ. ಗಣೇಶದೈವಜ್ಞನು 1545ರ ಬುದ್ಧಿವಿಲಾಸಿನೀ ವ್ಯಾಖ್ಯಾನದಲ್ಲಿ, ಅಳೆಯುವ ಸ್ಥಾನಗಳು ಹೆಚ್ಚಿದಷ್ಟೂ ಸಮಮಿತಿಯು ಸೂಕ್ಷ್ಮತರವಾಗುವುದೆಂಬ ಅಭಿಪ್ರಾಯವನ್ನು ಸೂಚಿಸಿದ್ದಾನೆ. ಹೆಚ್ಚು ಅಳತೆಗಳಿಂದ ಹೆಚ್ಚು ನಂಬಿಕೆಯೆಂಬ ತತ್ತ್ವವನ್ನು ಬಾಲಕರಿಗೆ ತಿಳಿಸಲು ಇದಕ್ಕಿಂತ ಸರಳವಾದ ದಾರಿಯಿಲ್ಲ.

ದಾವಣಗೆರೆ ಜಿಲ್ಲೆಯಲ್ಲಿ ಈ ಪಾಠಕ್ಕೆ ಬೇಕಾದ ಸಾಮಗ್ರಿಯು ಕಣ್ಣೆದುರಿಗೇ ಇದೆ. ಚನ್ನಗಿರಿ ತಾಲ್ಲೂಕಿನಲ್ಲಿ ಹರಿದ್ರಾ ಹೊಳೆಗೆ ಏರಿಯನ್ನು ಕಟ್ಟಿ ನಿರ್ಮಿಸಿದ ಸೂಳೆಕೆರೆಯು, ಎಂದರೆ ಶಾಂತಿಸಾಗರವು, ಎಲ್ಲೆಡೆಯಲ್ಲಿಯೂ ಒಂದೇ ಆಳದ್ದಲ್ಲ. ಅದರಲ್ಲಿ ನಿಂತ ನೀರೆಷ್ಟೆಂದು ಕೇಳಿದರೆ ಒಂದು ಕಡೆಯ ಅಳತೆಯು ಸಾಲದೆಂಬುದನ್ನು ಯಾವ ಬಾಲಕನೂ ಒಪ್ಪುವನು. ಸಮಮಿತಿಯ ಅವಶ್ಯಕತೆಯು ಹೀಗೆ ಸೂತ್ರಕ್ಕೆ ಮೊದಲೇ ಹುಟ್ಟುತ್ತದೆ.

ಎರಡನೆಯ ತೊಡಕು ಸರಾಸರಿಗಳ ಸರಾಸರಿಯದು. 1981ರಲ್ಲಿ ಪೊಲಾಟ್ಸೆಕ್, ಲೀಮಾ ಮತ್ತು ವೆಲ್ ಎಂಬವರು ಪ್ರಕಟಿಸಿದ ಲೇಖನದಿಂದ, ಕಾಲೇಜು ವಿದ್ಯಾರ್ಥಿಗಳಲ್ಲಿಯೂ ಅನೇಕರು ಇಲ್ಲಿ ಎಡವುತ್ತಾರೆಂದು ತಿಳಿದುಬರುತ್ತದೆ. ಹೊನ್ನಾಳಿಯ ಒಂದು ಶಾಲೆಯಲ್ಲಿ 60 ಮಂದಿಗೆ ಸರಾಸರಿ 50 ಅಂಕಗಳೆಂದೂ, ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯ ಒಂದು ಶಾಲೆಯಲ್ಲಿ 20 ಮಂದಿಗೆ ಸರಾಸರಿ 70 ಅಂಕಗಳೆಂದೂ ಕಲ್ಪಿಸತಕ್ಕದ್ದು. ಎರಡೂ ಸೇರಿದರೆ ಸರಾಸರಿಯು 60 ಎಂಬ ಉತ್ತರವು ಥಟ್ಟನೆ ಬರುತ್ತದೆ. ಆದರೆ ಒಟ್ಟು ಅಂಕಗಳು 4400, ವಿದ್ಯಾರ್ಥಿಗಳು 80. ಆದುದರಿಂದ ಸರಿಯಾದ ಸರಾಸರಿಯು 55. ಶಾಲೆಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ಗುಣದೋಷಗಳನ್ನು ನಿರ್ಣಯಿಸುವ ಹಿರಿಯರೂ ಈ ಪ್ರಮಾದಕ್ಕೆ ಒಳಗಾದರೆ, ಶಾಲೆಗಳಿಗೂ ಮಕ್ಕಳಿಗೂ ಅನ್ಯಾಯವಾಗುವುದು. ಪೂರ್ವಿಕರ ಸುವರ್ಣವ್ಯವಹಾರವು ಈ ವಿಷಯವನ್ನೇ ಬೋಧಿಸುತ್ತದೆ. ಬೇರೆ ಬೇರೆ ಬಣ್ಣದ ಚಿನ್ನವನ್ನು ಕರಗಿಸಿ ಕೂಡಿಸಿದಾಗ, ಪ್ರತಿಯೊಂದರ ತೂಕವನ್ನು ಅದರ ಬಣ್ಣದಿಂದ ಗುಣಿಸಿ, ಆ ಮೊತ್ತವನ್ನು ಒಟ್ಟು ತೂಕದಿಂದ ಭಾಗಿಸಬೇಕು. ತೂಕವನ್ನು ಮರೆತ ಅಕ್ಕಸಾಲೆಗೆ ನಷ್ಟವು ಕೂಡಲೇ ತಿಳಿಯುತ್ತದೆ. ಎಣಿಕೆಯನ್ನು ಮರೆತ ವಿದ್ಯಾರ್ಥಿಗೆ ತಿಳಿಯುವುದಿಲ್ಲ.

ಮೂರನೆಯದು, ಯಾವ ಪ್ರಶ್ನೆಗೆ ಯಾವ ಮಾನವೆಂಬ ವಿವೇಕ. ಮಳೆಯ ಅಭಾವವನ್ನು ಬಲ್ಲ ಜಗಳೂರಿನಲ್ಲಿ ಐದು ದಿನಗಳ ಮಳೆಯು 0, 0, 2, 3, 45 ಮಿಲಿಮೀಟರುಗಳೆಂದು ಭಾವಿಸಿದರೆ, ಸರಾಸರಿಯು 10, ಮಧ್ಯಾಂಕವು 2, ಬಹುಲಕವು 0. ಮೂರೂ ನಿಜವೇ. ಕೆರೆಗೆ ಬಂದ ಒಟ್ಟು ನೀರನ್ನು ವಿಚಾರಿಸುವವನಿಗೆ ಸರಾಸರಿಯು ಬೇಕು. ಪೈರಿನ ಬೇರು ದಿನದಿನವೂ ಕಂಡ ತೇವವನ್ನು ವಿಚಾರಿಸುವವನಿಗೆ ಅದು ಮರುಳುಗೊಳಿಸುವ ಸಂಖ್ಯೆ. ಹತ್ತನೆಯ ತರಗತಿಯಲ್ಲಿ ಈ ಮೂರು ಮಾನಗಳಿಗೂ ಸೂತ್ರಗಳುಂಟು. ಪ್ರಶ್ನೆಯನ್ನು ಅರಿತು ಮಾನವನ್ನು ಆರಿಸುವ ಅಭ್ಯಾಸವು ಸೂತ್ರದಿಂದ ಬರತಕ್ಕುದಲ್ಲ.

ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ಗಣಿತಗ್ರಂಥವನ್ನು ರಚಿಸಿದಾಗ ಅದಕ್ಕೆ ವ್ಯವಹಾರಗಣಿತವೆಂದು ಹೆಸರಿಟ್ಟನು. ವ್ಯವಹಾರದಿಂದ ಹೊರಟು ಸೂತ್ರವನ್ನು ಸೇರುವುದೇ ನಮ್ಮ ನಾಡಿನ ಬೋಧನೆಗೆ ಸಹಜವಾದ ಕ್ರಮ. ಆದುದರಿಂದ ಮೊದಲು ಅಳತೆ, ಅನಂತರ ಶಬ್ದಾರ್ಥ, ಕೊನೆಗೆ ಸೂತ್ರವೆಂಬ ಕ್ರಮವು ಯುಕ್ತ. ಇವುಗಳಲ್ಲಿ ನಡುವಿನ ಮೆಟ್ಟಿಲು ಭಾಷೋಪಾಧ್ಯಾಯರದು. ಅದನ್ನು ಅವರು ಕಟ್ಟಿಕೊಡದಿದ್ದರೆ ಬಾಲಕರು ಅಳತೆಯಿಂದ ಸೂತ್ರಕ್ಕೆ ಹಾರಬೇಕಾಗುವುದು.